ಜಾಂಜಿಬಾರಿನ ಬಾಗಿಲುಗಳನ್ನು ತೋರಿಸಿದವರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮೇರಿಲೆಂಡ್, ವರ್ಜೀನಿಯಾದ ಅರ್ಧ ಕನ್ನಡಿಗರು ನನ್ನೊಡನೆ ಮಾತು ಬಿಡುತ್ತಾರೆ. ಉಳಿದರ್ಧ ಜನ ಈಗಾಗಲೇ ಬಿಟ್ಟಾಗಿದೆ. ಅವರು ತೀರಿಕೊಂಡ ವಾರ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಬರೆದದ್ದು ಒಂದೇ ಮಾತು: 'ಅಜಾತಶತ್ರು'. ಓದಿ ಓದಿ ನನಗೆ ಮೈ ಉರಿಯಿತು. ಅವರಿಗೆ ಶತ್ರುಗಳಿರಲಿಲ್ಲ ಎನ್ನುವುದು ನಿಜ. ಒಬ್ಬ ಅಳಿಯನಿದ್ದ.

ನಾವೆಲ್ಲ ಅವರನ್ನು ಜಾಂಜಿಬಾರ್ ಅಂಕಲ್ ಎನ್ನುತ್ತಿದ್ದೆವು. ಎತ್ತರದ ಆಳು. ಎಪ್ಪತ್ತು ದಾಟಿದರೂ ಬೆನ್ನು ಬಾಗಿರಲಿಲ್ಲ. ಚಳಿಗಾಲದಲ್ಲೂ ಅರ್ಧ ತೋಳಿನ ಬಿಳಿ ಅಂಗಿ, ಅದರ ಮೇಲೆ ಹೆಂಡತಿಯ, ಅಂದರೆ ನಮ್ಮ ಆಂಟಿಯ, ಬಲವಂತಕ್ಕೆ ಹಾಕಿಕೊಂಡ ಸ್ವೆಟರು. ಕಥೆ ಹೇಳಲು ಶುರು ಮಾಡಿದರೆ ಎದುರಿಗಿದ್ದವರ ಮೊಣಕೈ ಹಿಡಿದುಕೊಳ್ಳುವುದು ಅವರ ಅಭ್ಯಾಸ. ಕಥೆ ಮುಗಿಯುವ ತನಕ ಕೈ ಬಿಡುತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಗಳಲ್ಲಿ ನನ್ನ ತಟ್ಟೆಯ ಅನ್ನ ಎಷ್ಟು ಸಲ ಆರಿ ತಣ್ಣಗಾಗಿದೆಯೋ! ಆದರೂ ಕೈ ಬಿಡಿಸಿಕೊಳ್ಳಬೇಕು ಎಂದು ಒಮ್ಮೆಯೂ ಅನಿಸಿಲ್ಲ. ಅಷ್ಟು ಚೆನ್ನಾಗಿ ಹೇಳುತ್ತಿದ್ದರು.

ಹುಟ್ಟಿದ್ದು ಜಾಂಜಿಬಾರಿನಲ್ಲಿ. ಆಫ್ರಿಕದ ಪೂರ್ವ ಕರಾವಳಿಗೆ ಅಂಟಿದಂತಿರುವ ಪುಟ್ಟ ದ್ವೀಪ ಅದು. ಲವಂಗ, ಆನೆದಂತ, ಮನುಷ್ಯರು, ಈ ಮೂರನ್ನೂ ಮಾರಿ ಬೆಳೆದ ಹಳೆಯ ಬಂದರು. ಅವರ ತಂದೆ ಕುಂದಾಪುರದ ಕಡೆಯವರು. ಮುಂಬಯಿಗೆ ಹೋಗಿ, ಅಲ್ಲಿಂದ ಒಬ್ಬ ಗುಜರಾತಿ ಸಾಹುಕಾರರ ಲವಂಗದ ಮಂಡಿಗೆ ಗುಮಾಸ್ತರಾಗಿ ಹಡಗು ಹತ್ತಿದವರು. ದ್ವೀಪದಲ್ಲಿ ಕ್ರಾಂತಿಯಾದಾಗ ಅಂಕಲ್ ಇನ್ನೂ ಹುಡುಗ. ಉಟ್ಟ ಬಟ್ಟೆಯಲ್ಲಿ ಓಡಿಬಂದ ಸಂಸಾರ ಮೈಸೂರಿನಲ್ಲಿದ್ದ ಸೋದರಮಾವನ ಮನೆ ಸೇರಿತು. ಅಲ್ಲೇ ಓದು, ಅಲ್ಲೇ ಮದುವೆ. ಆಮೇಲೆ ಈ ದೇಶ. ಗೈದರ್ಸ್‌ಬರ್ಗಿನ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದರು. ಕೆಲಸದ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಮಾತೆಲ್ಲ ಆ ದ್ವೀಪದ್ದೇ.

ಅವರನ್ನು ಸಾಕಿದವಳು ಜುಹುರಾ ಎಂಬ ಆಫ್ರಿಕದ ಹೆಂಗಸು. ಆ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ 'ಬೀ' ಎನ್ನುತ್ತಾರಂತೆ. ಇವರೂ ಬೀ ಜುಹುರಾ ಎಂದೇ ಹೇಳುತ್ತಿದ್ದರು. ತಾಯಿಗೆ ಮೇಲಿಂದ ಮೇಲೆ ಕಾಯಿಲೆ. ಹಾಗಾಗಿ ಮಗುವನ್ನು ಸೊಂಟದ ಮೇಲೆ ಹೊತ್ತು ಬೀದಿ ಬೀದಿ ಸುತ್ತಿಸಿದವಳು, ಮಾತು ಕಲಿಸಿದವಳು, ಮೀನು ಪೇಟೆಯ ಗಲಾಟೆ ತೋರಿಸಿದವಳು ಅವಳೇ. "ನನಗೆ ಮೊದಲು ಬಂದ ಭಾಷೆ ಸ್ವಾಹಿಲಿ ಕಣಮ್ಮ, ಕನ್ನಡ ಆಮೇಲೆ ಬಂತು. ಈಗಲೂ ಕಾಲಿಗೆ ಏನಾದ್ರೂ ತಗುಲಿದ್ರೆ ಬಾಯಿಂದ ಸ್ವಾಹಿಲಿನೇ ಬರತ್ತೆ" ಎನ್ನುತ್ತಿದ್ದರು. ಮರಗೆಣಸನ್ನು ಬೇಯಿಸಿ, ಕರಿದು, ಮೇಲೆ ಖಾರದಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿ ಪಾಟ್‌ಲಕ್‌ಗೆ ತರುತ್ತಿದ್ದರು. ನಮ್ಮ ಚಿತ್ರಾನ್ನ, ಬಿಸಿಬೇಳೆಬಾತುಗಳನ್ನು ಯಾರೂ ಮೂಸಿ ನೋಡದಿದ್ದರೂ ಅವರ ಪಾತ್ರೆ ಮೊದಲು ಖಾಲಿಯಾಗುತ್ತಿತ್ತು.

ಅವರ ಮನೆಗೆ ಕರೆಗಂಟೆ ಇತ್ತು, ಆದರೆ ಒತ್ತುವಂತಿರಲಿಲ್ಲ. ಹೊಸಿಲಾಚೆ ನಿಂತು 'ಹೋಡಿ' ಎಂದು ಕೂಗಬೇಕು. ಒಳಗಿನಿಂದ ಅವರು 'ಕರೀಬು' ಎಂದರೆ ಮಾತ್ರ ಒಳಗೆ ಕಾಲಿಡಬೇಕು. ಇದು ಆ ದ್ವೀಪದ ಪದ್ಧತಿ. 'ಬರಬಹುದೇ' ಎಂದು ಕೇಳುವ ಮಾತು ಒಂದು, 'ಬನ್ನಿ' ಎನ್ನುವ ಮಾತು ಇನ್ನೊಂದು. ಬಾಗಿಲು ತೆರೆದೇ ಇದ್ದರೂ ಕರೀಬು ಕೇಳದೆ ಯಾರೂ ಒಳಗೆ ಹೋಗುವುದಿಲ್ಲವಂತೆ. ಮೂರು ಸಲ ಕೂಗಿಯೂ ಉತ್ತರ ಬರದಿದ್ದರೆ, ಒಳಗೆ ಜನ ಇರುವುದು ಕಣ್ಣಿಗೆ ಕಂಡರೂ, ಬೇಸರ ಮಾಡಿಕೊಳ್ಳದೆ ಹೊರಟುಹೋಗಬೇಕು. "ಎಷ್ಟು ಮರ್ಯಾದೆಯ ಜನ ನೋಡಿ! ಒಳಗಿರೋನಿಗೆ ಬೇಡ ಅನ್ನೋ ಹಕ್ಕನ್ನೂ ಕೊಟ್ಟಿದ್ದಾರೆ" ಎಂದು ಅವರು ಹೊಗಳುವಾಗ ನಾವೆಲ್ಲ ಹೌದೌದು ಎಂದು ತಲೆಯಾಡಿಸುತ್ತಿದ್ದೆವು. ನಮ್ಮ ಮಕ್ಕಳಿಗಂತೂ ಇದೊಂದು ಆಟ. ಅವರ ಡ್ರೈವ್‌ವೇಗೆ ಕಾರು ತಿರುಗುತ್ತಿದ್ದಂತೆಯೇ ಹಿಂದಿನ ಸೀಟಿನಿಂದ ಹೋಡಿ, ಹೋಡಿ ಎಂದು ಕಿರುಚುತ್ತಿದ್ದವು.

೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ನಮ್ಮನ್ನು ಉಳಿಸಿದವರು ಅಂಕಲ್. ಪ್ರತಿ ಶನಿವಾರ ಬೆಳಿಗ್ಗೆ ಝೂಮ್‌ನಲ್ಲಿ ನಮ್ಮನ್ನೆಲ್ಲ ಕೂಡಿಸಿ ಜಾಂಜಿಬಾರಿನ ಹಳೆಯ ಪಟ್ಟಣ ಸುತ್ತಿಸುತ್ತಿದ್ದರು. ತಾವು ಹಿಂದೆ ಹೋದಾಗ ತೆಗೆದ ಫೋಟೊಗಳು, ಕೈಯಲ್ಲೇ ಬರೆದ ನಕ್ಷೆ, ಅದರ ಮೇಲೆ ಓಡುವ ಅವರ ಬೆರಳು. ಇವತ್ತು ಹಳೆಯ ಕೋಟೆ, ಮುಂದಿನ ವಾರ ಸುಂಕದ ಕಟ್ಟೆ, ಅದರ ಮುಂದಿನ ವಾರ ಸುಲ್ತಾನನ ಅರಮನೆ. ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ನಾನೂ ನಮ್ಮವರೂ ಕಾಫಿ ಲೋಟ ಹಿಡಿದು ಕೂತರೆ ಎರಡು ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ. ಮನೆಬಾಗಿಲುಗಳ ಬಗ್ಗೆ ಹೇಳಿದ ಶನಿವಾರವಂತೂ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಕಮಾನಿರುವ ಬಾಗಿಲು ಯಾರದು, ಚೌಕದ್ದು ಯಾರದು. ಹಿತ್ತಾಳೆಯ ಮೊಳೆಗಳನ್ನು ಯಾಕೆ ಹೊಡೆದರು. ಚೌಕಟ್ಟಿನ ಸುತ್ತ ಸರಪಳಿ ಕೆತ್ತಿದ್ದರೆ ಜನ ಅದಕ್ಕೆ ಏನೇನು ಅರ್ಥ ಹೇಳುತ್ತಾರೆ. ಅಂದು ಅವರ ಉತ್ಸಾಹ ಎಂದಿಗಿಂತ ಹೆಚ್ಚಾಗಿತ್ತು. ಮುಗಿಸಲು ಮನಸ್ಸೇ ಇಲ್ಲದವರಂತೆ ಮತ್ತೊಂದು ಬಾಗಿಲು, ಮತ್ತೊಂದು ಬಾಗಿಲು ಎಂದು ತೋರಿಸುತ್ತಲೇ ಇದ್ದರು.

ಅದೇ ಹೊತ್ತಿಗೆ ಅವರ ಮಗಳ ಮದುವೆ ನಡೆಯುತ್ತಿತ್ತು. ಇದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಶುಭಾ ಅವರ ಒಬ್ಬಳೇ ಮಗಳು. ಹಲ್ಲಿನ ಡಾಕ್ಟರು, ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿದ್ದಾಳೆ. ಅವಳು ಮದುವೆಯಾದ ಮಾರ್ಕಸ್ ಅದೇ ಊರಿನ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್, ಕಪ್ಪು ಜನಾಂಗದ ಹುಡುಗ. ಮದುವೆ ನಡೆದದ್ದು ಸೌತ್ ಕೆರೊಲಿನಾದಲ್ಲಿರುವ ಅವನ ತಾಯಿಯ ಮನೆಯ ಹಿತ್ತಲಿನಲ್ಲಿ. ಕೋವಿಡ್ ಕಾಲ, ಕುರ್ಚಿಗಳನ್ನು ದೂರ ದೂರ ಹಾಕಿದ್ದರು. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಖಾಲಿ. ಅವುಗಳ ಮೇಲೆ ಮಲ್ಲಿಗೆಯ ಮಾಲೆ. ಅದನ್ನು ಆಂಟಿ ಅಡುಗೆಮನೆಯಲ್ಲಿ ನಿಂತು ಐಪ್ಯಾಡಿನಲ್ಲಿ ನೋಡುತ್ತಿದ್ದರು. ಕೆಳಗೆ ಬೇಸ್‌ಮೆಂಟಿನಲ್ಲಿ ಅಂಕಲ್ ನಮಗೆ ಬಾಗಿಲು ತೋರಿಸುತ್ತಿದ್ದರು.

"ಮೆಟ್ಟಿಲ ಹತ್ರ ಹೋಗಿ ಕರೆದೆ ಕಣೆ" ಎಂದು ಆಂಟಿ ನನಗೆ ಹೇಳಿದರು. "ತಾಳಿ ಕಟ್ತಿದ್ದಾರೆ, ಒಂದ್ ನಿಮಿಷ ಬಂದು ನೋಡ್ರಿ ಅಂದೆ. ಜನ ಆನ್‌ಲೈನ್ ಇದ್ದಾರೆ, ಡಿಸ್ಟರ್ಬ್ ಮಾಡ್ಬೇಡ ಅಂದ್ರು."

ಕೇಳಿದವರಿಗೆಲ್ಲ ಅಂಕಲ್ ಹೇಳಿದ್ದು, "ಕೋವಿಡ್ ಅಲ್ವಾ, ಹೋಗಕ್ಕಾಗ್ಲಿಲ್ಲ." ಎಲ್ಲರೂ ಪಾಪ ಎಂದರು. ಆಮೇಲೆ ಲಸಿಕೆ ಬಂತು, ಮಾಸ್ಕ್ ಹೋಯಿತು, ಜನ ಭಾರತಕ್ಕೆ ಹೋಗಿ ಮದುವೆ ಮುಂಜಿಗಳನ್ನೆಲ್ಲ ಮುಗಿಸಿ ಬಂದರು. ಅಂಕಲ್‌ರ ಕೋವಿಡ್ ಮಾತ್ರ ಮುಗಿಯಲಿಲ್ಲ.

೨೦೨೧ರ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಶುಭಾ ಗಂಡನನ್ನು ಕರೆದುಕೊಂಡು ಹೇಳದೆ ಕೇಳದೆ ಬಂದಳು. ಎದುರಿಗೆ ಬಂದು ನಿಂತರೆ ಅಪ್ಪ ಕರಗುತ್ತಾರೆ ಎಂದು ಅವಳ ಲೆಕ್ಕಾಚಾರ. ಬಾಗಿಲಲ್ಲಿ ನಿಂತು, ಚಿಕ್ಕಂದಿನಿಂದ ಮಾಡಿದ ಅಭ್ಯಾಸದಂತೆ, ಹೋಡಿ ಎಂದಳು. ಅಂಕಲ್ ಮುಂದಿನ ಕೋಣೆಯಲ್ಲೇ ಕೂತಿದ್ದರು. ಗಾಜಿನಲ್ಲಿ ಅವರ ತಲೆ ಇವಳಿಗೆ ಕಾಣುತ್ತಿತ್ತು. ಎರಡನೆಯ ಸಲ ಕೂಗಿದಳು. ಆಂಟಿ ಬಾಗಿಲ ಕಡೆ ಹೆಜ್ಜೆ ಇಟ್ಟರೆ, "ನಿಲ್ಲು" ಎಂದರು. ಮೂರನೆಯ ಸಲ ಕೂಗಿದವನು ಮಾರ್ಕಸ್. ಕಾರಿನಲ್ಲಿ ಬರುವಾಗ ಹೆಂಡತಿಯಿಂದ ಕಲಿತುಕೊಂಡಿದ್ದನಂತೆ. ಅದಕ್ಕೂ ಉತ್ತರವಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಇಬ್ಬರೂ ಕಾರು ಹತ್ತಿ ಹೊರಟರು. ಅವತ್ತು ರಾತ್ರಿಯ ಊಟವನ್ನು ಇಬ್ಬರೂ ಹೆದ್ದಾರಿ ಪಕ್ಕದ ಯಾವುದೋ ಹೋಟೆಲಿನಲ್ಲಿ ಮುಗಿಸಿದರು.

ಇದನ್ನು ಹೇಳುವಾಗ ಆಂಟಿ ಅಳಲಿಲ್ಲ. ಪಲ್ಯಕ್ಕೆ ಹುರುಳಿಕಾಯಿ ಹೆಚ್ಚುತ್ತಿದ್ದರು, ಕಾಯಿ ಸಣ್ಣಗಾಗುತ್ತಾ ಆಗುತ್ತಾ ಕೊನೆಗೆ ಪಲ್ಯಕ್ಕೆ ಬಾರದಷ್ಟು ಪುಡಿಯಾಯಿತು. ಮರುವರ್ಷ ಶುಭಾಗೆ ಹೆಣ್ಣುಮಗುವಾದಾಗ ಆಂಟಿ ಗಂಡನ ಅಪ್ಪಣೆ ಕೇಳಲಿಲ್ಲ. ಅಂಟಿನುಂಡೆ ಕಟ್ಟಿ, ಮೆಂತ್ಯದ ಹಿಟ್ಟು ಮಾಡಿಕೊಂಡು, "ಬಾಣಂತನಕ್ಕೆ ಹೋಗ್ತಿದೀನಿ, ಫ್ರೀಜರಲ್ಲಿ ಚಪಾತಿ ಇದೆ" ಎಂದು ವಿಮಾನ ಹತ್ತಿದರು. ಮೂರು ತಿಂಗಳು ಆ ಮನುಷ್ಯ ಒಬ್ಬರೇ ಆ ಚಪಾತಿ ತಿಂದರು. ನಾನು ವಾರಕ್ಕೊಮ್ಮೆ ಸಾರು ಕೊಟ್ಟುಬರುತ್ತಿದ್ದೆ. ಹೋಡಿ ಎಂದರೆ ಒಳಗಿನಿಂದ ಖುಷಿಯಾಗಿ ಕರೀಬು ಎಂದು ಕೂಗುವರು. ಮಗುವಿನ ವಿಷಯ ಎತ್ತಿದರೆ ಮಾತು ಬಂದರಿನ ಕಡೆ ತಿರುಗುತ್ತಿತ್ತು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕೆಣಕಿದ್ದು ಇನ್ನೊಂದು. ಪ್ರತಿ ಫೆಬ್ರವರಿಯಲ್ಲಿ, ಕಪ್ಪು ಜನರ ಚರಿತ್ರೆಯ ತಿಂಗಳೆಂದು, ಅವರ ಊರಿನ ಗ್ರಂಥಾಲಯದವರು ಇವರನ್ನು ಭಾಷಣಕ್ಕೆ ಕರೆಯುತ್ತಿದ್ದರು. ನಾನೂ ಒಮ್ಮೆ ಹೋಗಿದ್ದೆ. ಚರ್ಚಿನ ಟೋಪಿ ಹಾಕಿಕೊಂಡ ಕಪ್ಪು ಅಜ್ಜಿಯರು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಅಂಕಲ್ ಜುಹುರಾಳ ಕಥೆ ಹೇಳಿದರು, ಗುಲಾಮರ ಪೇಟೆಯ ಕಥೆ ಹೇಳಿದರು. ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದುಬಂದು ಅವರನ್ನು ಅಪ್ಪಿಕೊಂಡು ಅತ್ತಳು. ಅಂಕಲ್ ಕೂಡ ಅತ್ತರು. ಆಗ ಶುಭಾಳ ಮಗುವಿಗೆ ಹಲ್ಲು ಬರುವ ಸಮಯ. ಅಜ್ಜನ ಮುಖ ಇನ್ನೂ ನೋಡಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

೨೦೨೩ರ ಬೇಸಿಗೆ ರಜೆಯಲ್ಲಿ ಸಂಘದಿಂದ ಹನ್ನೆರಡು ಜನ ನಿಜವಾದ ಜಾಂಜಿಬಾರಿಗೆ ಹೊರಟೆವು. ಅಂಕಲ್ ನಮ್ಮ ಮಾರ್ಗದರ್ಶಿ. ಆಂಟಿ ಬರಲಿಲ್ಲ, ಸುವಾನಿಗೆ ಹೋದರು. ನಮ್ಮವರ ಪ್ರವಾಸ ಎಂದ ಮೇಲೆ ಗೊತ್ತೇ ಇದೆ: ಎರಡು ರೈಸ್ ಕುಕ್ಕರ್, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಹೋಟೆಲಿನ ಕೋಣೆಯಲ್ಲಿ ಕದ್ದು ಒಗ್ಗರಣೆ. ಇದರ ಜೊತೆಗೆ ನಮ್ಮ ಸಂಘಕ್ಕೆ ಇನ್ನೊಂದು ರೂಢಿಯಿದೆ. ಎಲ್ಲಿಗೆ ಹೋದರೂ ಹಳದಿ ಕೆಂಪಿನ ಬ್ಯಾನರ್ ಸೂಟ್‌ಕೇಸಿನಲ್ಲಿ ಬರಲೇಬೇಕು. ಅದರ ಎರಡು ತುದಿ ಹಿಡಿದು, ಜೈ ಕರ್ನಾಟಕ ಎಂದು ಫೋಟೊ ತೆಗೆಸಿಕೊಳ್ಳದಿದ್ದರೆ ಆ ಜಾಗ ನೋಡಿದ ಲೆಕ್ಕಕ್ಕೇ ಬರುವುದಿಲ್ಲ. ನಯಾಗರಾದ ಮುಂದೆ ಹಿಡಿದಿದ್ದೇವೆ, ಶ್ವೇತಭವನದ ಬೇಲಿಯ ಮುಂದೆಯೂ ಹಿಡಿದಿದ್ದೇವೆ.

ಹಳೆಯ ಗುಲಾಮರ ಪೇಟೆ ಇದ್ದ ಜಾಗದಲ್ಲಿ ಈಗ ಒಂದು ದೊಡ್ಡ ಚರ್ಚು. ಅದರ ಅಂಗಳದಲ್ಲಿ ನೆಲ ಅಗೆದು ಒಂದು ಗುಂಡಿ ಮಾಡಿದ್ದಾರೆ. ಗುಂಡಿಯೊಳಗೆ ಕಲ್ಲಿನ ಗಂಡಸರು, ಹೆಂಗಸರು ನಿಂತಿದ್ದಾರೆ, ಕತ್ತಿಗೆ ನಿಜವಾದ ಕಬ್ಬಿಣದ ಸರಪಳಿ. ನಾನು ಅವರಲ್ಲೊಬ್ಬ ಹೆಂಗಸಿನ ಮುಖ ನೋಡುತ್ತಾ ನಿಂತಿದ್ದಾಗ ಹಿಂದಿನಿಂದ ನಮ್ಮ ಸಂಘದ ಆಗಿನ ಅಧ್ಯಕ್ಷರ ದನಿ ಕೇಳಿತು.

"ಎಲ್ಲರೂ ಸ್ವಲ್ಪ ಕ್ಲೋಸ್ ಬನ್ನಿ. ಸ್ಟ್ಯಾಚ್ಯೂನೂ ಕವರ್ ಆಗ್ಲಿ. ಸ್ಮೈಲ್, ಸ್ಮೈಲ್!"

ತಿರುಗಿ ನೋಡಿದರೆ ಗುಂಡಿಯ ಅಂಚಿನಲ್ಲಿ ಬ್ಯಾನರ್ ಬಿಚ್ಚಿಕೊಂಡಿದೆ.

"ಮಡಚಿ ಅದನ್ನ" ಎಂದರು ಅಂಕಲ್.

"ಒಂದೇ ಫೋಟೊ ಅಂಕಲ್, ಸೊವೆನಿರ್‌ಗೆ."

"ನಿಮ್ಮಪ್ಪನ ಹೆಣದ ಮುಂದೆ ಬ್ಯಾನರ್ ಹಿಡೀತೀರೇನ್ರೀ? ಮಡಚಿ ಅಂದೆ!"

ಅಷ್ಟು ಸಿಟ್ಟನ್ನು ನಾನು ಅವರಲ್ಲಿ ಕಂಡಿರಲಿಲ್ಲ. ಅಧ್ಯಕ್ಷರು ಮುಖ ಕೆಂಪಗೆ ಮಾಡಿಕೊಂಡು ಬ್ಯಾನರ್ ಸುತ್ತಿದರು. ಆ ಕ್ಷಣದಲ್ಲಿ ನನಗೆ ಅಂಕಲ್ ಮೇಲೆ ಹುಟ್ಟಿದ ಗೌರವ ಸುಳ್ಳಲ್ಲ. ಅದನ್ನೂ ಇಲ್ಲಿ ಬರೆಯಲೇಬೇಕು.

ಪಕ್ಕದ ಕಟ್ಟಡದ ಕೆಳಗೆ ನೆಲಮಾಳಿಗೆ. ಒಳಗೆ ನೆಟ್ಟಗೆ ನಿಲ್ಲಲಾಗದಷ್ಟು ತಗ್ಗಿನ ಚಾವಣಿ, ಬೆರಳು ಅಗಲದ ಕಿಂಡಿಗಳು. ಅಷ್ಟೆತ್ತರದ ಮನುಷ್ಯ ನಡು ಬಗ್ಗಿಸಿಕೊಂಡು ನಿಂತರು. ಅಲ್ಲಿಯ ಗೈಡ್ ಬಳಿ ಸ್ವಾಹಿಲಿಯಲ್ಲಿ ಏನೋ ಕೇಳಿಕೊಂಡು ತಾವೇ ಹೇಳತೊಡಗಿದರು. "ಮಾರೋಕೆ ಮುಂಚೆ ಅವರನ್ನ ಕೂಡಿಹಾಕ್ತಿದ್ದದ್ದು ಇದೇ ಕೋಣೆಯೋ ಅಲ್ಲವೋ ಅಂತ ವಾದ ಇದೆ. ಇರ್ಲಿ. ಮಾರಿದ್ದು ಮಾತ್ರ ಹೌದು, ಈ ನೆಲದ ಮೇಲೇ."

ಅಧ್ಯಕ್ಷರು ಬ್ಯಾನರಿನ ಅವಮಾನ ಮರೆತಿರಲಿಲ್ಲ. "ಅಂಕಲ್, ನಮ್ಮ ಇಂಡಿಯನ್ಸ್ ಮಾತ್ರ ಇದ್ರಲ್ಲಿ ಇರ್ಲಿಲ್ಲ ಅಲ್ವಾ? ನಮ್ಮವರು ಬರೀ ವ್ಯಾಪಾರಕ್ಕೆ ಬಂದವರು" ಎಂದರು.

"ವ್ಯಾಪಾರ ಅಂದ್ರಲ್ಲ, ಏನು ಮಾರ್ತಿದ್ರು ಅಂತ ಕೇಳಿ. ಸುಂಕದ ಕಟ್ಟೆನ ಗುತ್ತಿಗೆ ಹಿಡಿದಿದ್ದವರು ನಮ್ಮ ಇಂಡಿಯಾದವರು. ಆನೆದಂತಕ್ಕೆ ಸುಂಕ, ಲವಂಗಕ್ಕೆ ಸುಂಕ, ಮನುಷ್ಯನ ತಲೆಗೂ ಸುಂಕ. ಕಾಡಿಗೆ ಹೋಗಿ ಜನರನ್ನ ಹಿಡಿದು ತರೋರಿಗೆ ಸಾಲ ಕೊಟ್ಟೋರೂ ನಮ್ಮವರೇ. ನಮ್ಮಪ್ಪ ಗುಮಾಸ್ತಿಕೆ ಮಾಡಿದ ಮಂಡಿನೂ ಅದೇ ದುಡ್ಡಿನ ಮೇಲೆ ಎದ್ದಿದ್ದು. ನಾನು ಉಂಡ ಅನ್ನದಲ್ಲೂ ಅದಿದೆ." ಇಷ್ಟು ಹೇಳಿ ಗೋಡೆಗೆ ಹಣೆ ಒತ್ತಿಕೊಂಡು ಅತ್ತರು. ಜೊತೆಗಿದ್ದವರೆಲ್ಲ ಕಣ್ಣೊರೆಸಿಕೊಂಡರು. ಅಂಥ ಸತ್ಯವನ್ನು ತನ್ನ ಜನರ ಮುಂದೆ, ತನ್ನ ತಂದೆಯನ್ನೂ ಸೇರಿಸಿ ಹೇಳುವ ಎದೆಗಾರಿಕೆ ಎಷ್ಟು ಜನರಿಗಿದೆ? ನಾನೂ ಅತ್ತೆ. ಇನ್ನು ಶುಭಾಳ ಕಷ್ಟ ಮುಗಿಯಿತು, ಊರಿಗೆ ಹೋದ ಕೂಡಲೇ ಈ ಮನುಷ್ಯ ಸುವಾನಿಗೆ ಟಿಕೆಟ್ ತೆಗೆಸುತ್ತಾರೆ ಎಂದುಕೊಂಡೆ.

ಮಧ್ಯಾಹ್ನ ಅವರು ಹುಟ್ಟಿ ಬೆಳೆದ ಮನೆ ನೋಡಲು ಹೋದೆವು. ಈಗ ಅದೊಂದು ಚಿಕ್ಕ ಹೋಟೆಲು. ಹಿತ್ತಲಿನ ಗೋಡೆಯಲ್ಲಿ ಒಂದು ಗೂಡು. ಅದನ್ನು ಕಂಡದ್ದೇ ಅಂಕಲ್ ಮಗುವಿನಂತೆ ನಕ್ಕು ನನ್ನ ಮೊಣಕೈ ಹಿಡಿದರು.

"ಇಲ್ಲೇ ನೋಡಮ್ಮ ಬೀ ಜುಹುರಾದು ತಗಡಿನ ಲೋಟ ಇರ್ತಿದ್ದದ್ದು. ಮಳೆ ಬಂದು ಅದರಲ್ಲಿ ನೀರು ತುಂಬಿರೋದು. ಅದನ್ನ ಚೆಲ್ಲಿ, ತೊಳೆದು ಹಿಡೀತಿದ್ಲು. ನಮ್ಮಮ್ಮ ಮೇಲಿಂದ ಎತ್ತಿ ಕಾಫಿ ಹುಯ್ಯೋಳು, ಒಂದು ತೊಟ್ಟು ಆಚೆ ಬೀಳ್ತಿರಲಿಲ್ಲ! ಏನು ಗುರಿ ಅಂತೀಯ ನಮ್ಮಮ್ಮಂದು!"

ಎಲ್ಲರೂ ನಕ್ಕರು. ಬೆಳಿಗ್ಗೆ ಅತ್ತ ಜನರೇ ನಕ್ಕರು. ನನಗೆ ನಗು ಬರಲಿಲ್ಲ. ತಾನು ಹೇಳುತ್ತಿರುವುದು ಏನು ಎಂದು ಈ ಮನುಷ್ಯನ ಕಿವಿಗೇ ಬೀಳುತ್ತಿಲ್ಲವಲ್ಲ ಎಂದುಕೊಂಡೆ. ಮಿಕ್ಕವರು ಮೇಲಿನ ಕೋಣೆಗಳನ್ನು ನೋಡಲು ಹೋದರು. ಆ ಊರಿನ ಮನೆಗಳ ಮುಂದೆ ಕಲ್ಲಿನ ಕಟ್ಟೆಗಳಿರುತ್ತವೆ, ನಮ್ಮ ಜಗಲಿಗಳ ಹಾಗೆಯೇ. ಅದರ ಮೇಲೆ ನಾವಿಬ್ಬರೇ ಕೂತೆವು.

"ಅಂಕಲ್, ಒಂದು ಮಾತು ಕೇಳ್ಲಾ?"

"ಕೇಳಮ್ಮ."

"ಬೆಳಿಗ್ಗೆ ಅಷ್ಟೊಂದು ಅತ್ತಿರಲ್ಲ, ಹಾಗಾದ್ರೆ ಮಾರ್ಕಸ್‌ನ ಯಾಕೆ ಮನೆಗೆ ಸೇರಿಸಲ್ಲ ನೀವು?"

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ತಿಳಿಯದ ಮಗುವಿಗೆ ಲೆಕ್ಕ ಬಿಡಿಸಿ ಹೇಳುವವರಂತೆ ತಾಳ್ಮೆಯಿಂದ ಹೇಳಿದರು.

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ?"

"ಅವರಿಗೆ ಆದದ್ದು ಅನ್ಯಾಯ. ಅದನ್ನ ನಾನು ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಅಷ್ಟಕ್ಕೇ ಮಗಳನ್ನ ಕೊಡ್ಬೇಕು ಅಂತ ಇದ್ಯಾ? ಅವರ ನೋವಿಗೆ ನಾನು ಅಳ್ತೀನಿ. ಮನೆಗೆ ತಂದ್ಕೊಳಕ್ಕಾಗಲ್ಲ."

"ನೀವು ಕೊಡ್ಲಿಲ್ಲ ಅಂಕಲ್, ಅವಳೇ ಆಗಿದ್ದಾಳೆ. ಮಗು ನಡೆದಾಡೋ ಹಾಗಾಗಿದೆ."

"ನಮ್ಮನೇಲಿ ಅವರನ್ನ ಯಾರೂ ಕೀಳಾಗಿ ನೋಡಿಲ್ಲ. ಜುಹುರಾಗೆ ಹಬ್ಬ ಹಬ್ಬಕ್ಕೂ ಹೊಸ ಬಟ್ಟೆ ಕೊಡ್ತಿದ್ರು ನಮ್ಮಮ್ಮ."

"ಅವಳ ಲೋಟ ಎಲ್ಲಿ ಇಡ್ತಿದ್ರು ಅಂತ ಈಗ ತಾನೆ ನೀವೇ ತೋರಿಸಿದ್ರಿ."

ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು, "ಬಿಸಿಲು ಜಾಸ್ತಿ ಆಯ್ತು, ನಡಿ" ಎಂದರು. ಪ್ರವಾಸದ ಉಳಿದ ದಿನಗಳಲ್ಲಿ ಅವರು ನನ್ನ ಮೊಣಕೈ ಹಿಡಿಯಲಿಲ್ಲ.

ಊರಿಗೆ ಬಂದ ಮೇಲೂ ಮಾತುಕತೆ ನಿಲ್ಲಲಿಲ್ಲ. ಆದರೆ ಮೊದಲಿನಂತಿರಲಿಲ್ಲ. ಮರುವರ್ಷದ ಶರತ್ಕಾಲದಲ್ಲಿ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ಶುಭಾ ಓಡಿಬಂದಳು. ಮಗಳನ್ನು ನೋಡಿ ಅವರು ಕೇಳಿದ ಮೊದಲ ಮಾತು, "ಊಟ ಮಾಡಿದ್ಯಾ?" ಅವಳ ಕೈ ಹಿಡಿದುಕೊಂಡು ಮಲಗಿದ್ದರು. ಮಾರ್ಕಸ್ ಮಗುವನ್ನು ಹಿಂದಿನ ಸೀಟಿಗೆ ಕಟ್ಟಿ, ಜಾರ್ಜಿಯಾದಿಂದ ಇಡೀ ದಿನ ಡ್ರೈವ್ ಮಾಡಿಕೊಂಡು ಬಂದು ಕೆಳಗೆ ಲಾಬಿಯಲ್ಲಿ ಕೂತಿದ್ದ.

"ಅಪ್ಪ, ಮಾರ್ಕಸ್ ಕೆಳಗೆ ಇದ್ದಾನೆ. ಬೇಬಿನೂ ಇದೆ. ಕರೀಲಾ?" ಎಂದು ಶುಭಾ ತನ್ನ ಮುರುಕು ಕನ್ನಡದಲ್ಲಿ ಕೇಳಿದಳಂತೆ.

"ಕಣ್ಣು ಮುಚ್ಕೊಂಡ್ರು ಕಣೆ" ಎಂದರು ಆಂಟಿ. "ನರ್ಸು, ನಿದ್ದೆ ಬಂದಿದೆ ಅಂದ್ಲು. ಐವತ್ತು ವರ್ಷ ಪಕ್ಕದಲ್ಲಿ ಮಲಗಿದೀನಿ, ಅವರ ನಿದ್ದೆ ನಂಗೆ ಗೊತ್ತಾಗಲ್ವಾ?"

ಎರಡು ದಿನ ಹಾಗೇ ಕಳೆಯಿತು. ಲಾಬಿಯಲ್ಲಿ ಕೂತವನು ಕೂತೇ ಇದ್ದ. ಮೂರನೆಯ ದಿನ ಬೆಳಿಗ್ಗೆ ಅವರು ಹೋದರು.

ಕರ್ಮಗಳನ್ನು ಶುಭಾಳೇ ಮಾಡಿದಳು. "ಅಳಿಯ ಮಾಡಬಹುದು, ಶಾಸ್ತ್ರದಲ್ಲಿದೆ, ಆದರೆ..." ಎಂದು ಪುರೋಹಿತರು ಮಾತು ಅರ್ಧಕ್ಕೆ ಬಿಟ್ಟಿದ್ದರು. ಆ 'ಆದರೆ'ಯನ್ನು ಅಲ್ಲಿದ್ದವರಾರೂ ಕೆದಕಲಿಲ್ಲ. ವೈಕುಂಠ ಸಮಾರಾಧನೆ ದೇವಸ್ಥಾನದ ಹಾಲಿನಲ್ಲಿ ನಡೆಯಿತು. ಊಟಕ್ಕೆ ಮುಂಚೆ ಭಾಷಣಗಳು. ಅಧ್ಯಕ್ಷರು ನೆಲಮಾಳಿಗೆಯ ಅಳುವನ್ನು ನೆನೆದು ತಾವೂ ಕಣ್ಣೊರೆಸಿಕೊಂಡರು. ಬಣ್ಣ, ಜಾತಿ ಯಾವುದನ್ನೂ ನೋಡದ ವಿಶ್ವಮಾನವ ಎಂದರು. ನನ್ನನ್ನೂ ಮಾತಾಡಲು ಕರೆದರು. ಬೇಡವೆಂದು ತಲೆಯಾಡಿಸಿದೆ. ಬಾಯಿ ಬಿಟ್ಟಿದ್ದರೆ ಅವತ್ತು ಆಂಟಿಯ ಮುಂದೆ ರಾಮಾಯಣವೇ ಆಗುತ್ತಿತ್ತು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವರಿಲ್ಲದ ಶನಿವಾರಗಳು ಬಣಗುಡುತ್ತವೆ ಎನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಆ ಮೈಕಿನಲ್ಲಿ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಪಾಯಸ ಬಡಿಸುವ ಹೊತ್ತಿಗೆ ನಾನು ಎದ್ದು ಚಪ್ಪಲಿ ಬಿಡುವ ಜಾಗಕ್ಕೆ ಬಂದೆ. ಅಲ್ಲಿ ಮಾರ್ಕಸ್ ನಿಂತಿದ್ದ. ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಮೊದಲ ಸಲ ಹತ್ತಿರದಿಂದ ನೋಡಿದೆ. ಕರಿಯ ಸೂಟು, ದಣಿದ ಕಣ್ಣು.

"ನೀವು ಅವರ ಜೊತೆ ಜಾಂಜಿಬಾರಿಗೆ ಹೋಗಿದ್ದಿರಂತೆ, ಶುಭಾ ಹೇಳಿದಳು" ಎಂದು ಇಂಗ್ಲಿಷಿನಲ್ಲಿ ಮಾತು ತೆಗೆದ. "ಅಲ್ಲಿ ಅವರು ನನ್ನ ಬಗ್ಗೆ ಏನಾದರೂ ಹೇಳಿದ್ದರಾ?"

ಹಾಲಿನ ಕಡೆ ನೋಡಿದೆ. ಎಲ್ಲರೂ ಎಲೆಯ ಮುಂದೆ ಕೂತು ಅಂಕಲ್‌ರ ಕಥೆಗಳನ್ನು ಹೇಳಿಕೊಂಡು ನಗುತ್ತಿದ್ದರು.

"ಒಂದೇ ಸಲ. ಅದೂ ನಾನಾಗಿ ಕೇಳಿದ್ದಕ್ಕೆ" ಎಂದೆ.

"ಏನು ಹೇಳಿದರು?"

ಜಗಲಿಯ ಮೇಲೆ ಕೇಳಿದ್ದನ್ನು, ಒಂದು ಅಕ್ಷರ ಸೇರಿಸದೆ, ಒಂದು ಅಕ್ಷರ ಬಿಡದೆ, ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು ಕಣ್ಣು ತಗ್ಗಿಸದೆ ಕೇಳಿಸಿಕೊಂಡ. ಮಗುವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದ.

"ಥ್ಯಾಂಕ್ ಯೂ" ಎಂದ. "ಬೆಳಿಗ್ಗೆಯಿಂದ ಇಲ್ಲಿ ಒಬ್ಬೊಬ್ಬರೂ ನನ್ನ ಕೈ ಹಿಡಿದು, ಅವರಿಗೆ ನಿನ್ನ ಮೇಲೆ ತುಂಬಾ ಪ್ರೀತಿ ಇತ್ತು, ಯಾವಾಗಲೂ ನಿನ್ನ ಮಾತೇ ಆಡುತ್ತಿದ್ದರು ಅನ್ನುತ್ತಿದ್ದಾರೆ. ಅಷ್ಟೊಂದು ಜನ ಹೇಳುತ್ತಿದ್ದಾರಲ್ಲ, ನಾನೇ ಎಲ್ಲವನ್ನೂ ತಪ್ಪು ತಿಳಿದಿದ್ದೆನೇನೋ ಅಂತ ಅನುಮಾನ ಶುರುವಾಗಿತ್ತು." ಆಮೇಲೆ ಕೇಳಿದ, "ಈ ನಾಲ್ಕು ವರ್ಷ ನಡೆದದ್ದು ನಿಜ ತಾನೆ?"

"ನಿಜ, ಮಾರ್ಕಸ್" ಎಂದೆ.